ಅಕ್ಷಿತಾ, ವಯಸ್ಸು ಇಪ್ಪತ್ತನಾಲ್ಕು

2024ನೇ ಇಸವಿ ಆಗಸ್ಟ್ 5, ಸೋಮವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ. ರಕ್ತಪರೀಕ್ಷೆಯ ಯಂತ್ರ ಸರಿಯಿದೆಯೇ ಎಂದು ನೋಡುವ ದಿನದ ಕಂಟ್ರೋಲ್ ಹಾಕಿ, ಪುಸ್ತಕದಲ್ಲಿ ಗಂಟೆ ಬರೆದು ತಲೆ ಎತ್ತಿದೆ. ಎದುರಿಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದರು. ಕೊಡೆಯಿಂದ ನೀರಿಳಿಯುತ್ತಿತ್ತು. ಪ್ಲಾಸ್ಟಿಕ್ ತೊಟ್ಟೆಯೊಳಗಿಂದ ಒಂದು ಕಾಗದ ತೆಗೆದು, ಮಡಿಕೆಗಳನ್ನು ಅಂಗೈಯಿಂದ ಸಮ ಮಾಡಿ ನನ್ನ ಮೇಜಿನ ಮೇಲೆ ಇಟ್ಟರು.

ಅದು ನಮ್ಮ ಲ್ಯಾಬಿನದೇ ರಿಪೋರ್ಟು. ಸಮೀಕ್ಷೆಯ ಕ್ರಮಸಂಖ್ಯೆ 117. ಅಕ್ಷಿತಾ, ಹೆಣ್ಣು, ವಯಸ್ಸು 24. ರಕ್ತದಲ್ಲಿ ಯೂರಿಕ್ ಆಮ್ಲ 11.2. ಕೆಳಗೆ ಕೆಂಪು ಶಾಯಿಯಲ್ಲಿ, ವೈದ್ಯರನ್ನು ಕಾಣಿ ಎಂದು ನಾನೇ ಬರೆದಿದ್ದೆ.

ಅವರು ತಮ್ಮ ಹೆಸರು ಕಾಂತಿ ಎಂದರು. ಬೆಳ್ತಂಗಡಿಯಿಂದ ಒಳಗೆ ಮನೆ, ಗಂಡ ಮುಂಡಪ್ಪ, ರಬ್ಬರು ಉಂಟು. ಮಗಳ ರಿಪೋರ್ಟಿನ ಬಗ್ಗೆ ಒಂದು ವಿಷಯ ಕೇಳಬೇಕಿತ್ತು ಎಂದರು. ಯೂರಿಕ್ ಆ್ಯಸಿಡ್ ಹೆಚ್ಚಿದ್ದವರು ಕೋಳಿ, ಒಣಮೀನು ಬಿಡಬೇಕು ಎಂದು ಯಾರೋ ಹೇಳಿದರಂತೆ. ಹೌದು, ಆದರೆ ಮೊದಲು ಮಗಳನ್ನು ಡಾಕ್ಟರಿಗೆ ತೋರಿಸಿ, ನಾಳೆಯೇ ಕರೆದುಕೊಂಡು ಬನ್ನಿ ಎಂದೆ.

"ಅವಳಿಗೆ ಬರ್ಲಿಕ್ಕೆ ಆಗುದಿಲ್ಲ ಸರ್" ಎಂದರು ಕಾಂತಿ. "ಅವಳು ತೀರಿಹೋಗಿ ಇಪ್ಪತ್ತೊಂದು ವರ್ಷ ಆಯ್ತು. ಆಟಿಯಲ್ಲಿ ಅವಳ ಎಲೆಗೆ ಕೋಳಿ ಬಡಿಸುದಾ ಬೇಡವಾ ಅಂತ ಕೇಳ್ಲಿಕ್ಕೆ ಬಂದದ್ದು."

ಅವರ ಮುಖದಲ್ಲಿ ದುಃಖ ಇರಲಿಲ್ಲ, ಗೊಂದಲವೂ ಇರಲಿಲ್ಲ. ಮಗಳ ಪಥ್ಯದ ಬಗ್ಗೆ ಕೇಳುವ ತಾಯಿಯ ಸಾಧಾರಣ ಕಾಳಜಿ ಮಾತ್ರ ಇತ್ತು.

ನಾನು ಮೂಡುಬಿದಿರೆಯ ಜೈನರ ಮನೆಯವನು, ಹೆಸರು ಆದೀಶ್. ಜೀವರಸಾಯನಶಾಸ್ತ್ರ ಓದಿ, ಕೆಲವು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ, ಈಗ ಬಿ.ಸಿ.ರೋಡಿನಲ್ಲಿ ಈ ಲ್ಯಾಬು ನಡೆಸುತ್ತಿದ್ದೇನೆ. ನಮ್ಮ ಮನೆಯಲ್ಲಿ ಆ ಕ್ರಮ ಇಲ್ಲದಿದ್ದರೂ ಕುಲೆಗಳ ಸಂಗತಿ ಕೇಳದೆ ಬೆಳೆದವನಲ್ಲ. ತೀರಿಹೋದವರೇ ಕುಲೆಗಳು. ಆಟಿ ಎಂಬ ಮಳೆಗಾಲದ ತಿಂಗಳಲ್ಲಿ ಅವರಿಗೆ ಎಲೆ ಹಾಕಿ, ಬದುಕಿದ್ದಾಗ ಇಷ್ಟಪಟ್ಟದ್ದನ್ನು ಬಡಿಸುತ್ತಾರೆ. ಸಣ್ಣದರಲ್ಲೇ ಹೋದ ಮಕ್ಕಳು ಹಾಗೆಯೇ ಉಳಿಯುವುದಿಲ್ಲ, ಅಲ್ಲಿಯೂ ವರ್ಷಕ್ಕೆ ಒಂದು ವರ್ಷ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದಾಗ ಮದುವೆ ಕೇಳುತ್ತಾರೆ, ಮನೆಯಲ್ಲಿರುವ ಇತರ ಮಕ್ಕಳನ್ನು ಕಾಡಿ ಕೇಳುತ್ತಾರೆ. ಆಗ ಅದೇ ರೀತಿ ಹೋದ ಇನ್ನೊಂದು ಮನೆಯ ಹುಡುಗನನ್ನು ಹುಡುಕಿ, ನಿಶ್ಚಯ ಮಾಡಿ, ಮದುವೆ ಮಾಡಿಸುತ್ತಾರೆ.

ಅಕ್ಷಿತಾಳಿಗೂ ಹುಡುಗ ಸಿಕ್ಕಿದ್ದ. ಬರುವ ಭಾನುವಾರ ಮದುವೆ. ನೀವೂ ಬನ್ನಿ ಎಂದು ಕಾಂತಿ ಕರೆದರು. ರಕ್ತ ಕೊಟ್ಟದ್ದು ಯಾರು ಎಂದು ಎರಡು ಸಲ ಕೇಳಿದೆ. ತಾನು ಅಡುಗೆಮನೆಯಲ್ಲಿದ್ದೆ, ಅವಳೇ ಕೊಟ್ಟಿರಬೇಕು ಎಂದು ಎರಡು ಸಲವೂ ಹೇಳಿದರು.

ಅವರು ಹೋದ ಮೇಲೆ ಫ್ರೀಜರ್ ತೆರೆದೆ. ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ, ಮುನ್ನೂರಕ್ಕೂ ಮಿಕ್ಕಿದ ಪುಟ್ಟ ಕೊಳವೆಗಳ ನಡುವೆ, 117 ತನ್ನ ಸ್ಥಾನದಲ್ಲೇ ಇತ್ತು. ರಕ್ತದಿಂದ ಬೇರ್ಪಡಿಸಿದ ತಿಳಿ ಹಳದಿ ಸೀರಮ್. ಕರಗಿಸಿ ಪುನಃ ಯಂತ್ರದಲ್ಲಿ ಓಡಿಸಿದೆ. 11.2. ಸಮೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡುವ ಯೋಜನೆ ಇರಲಿಲ್ಲ. ಆದರೂ ನೋಡಿದೆ. 1.9. ಎಪ್ಪತ್ತರ ಮುದುಕಿಯದ್ದಾಗಿದ್ದರೂ ನಾನು ಹುಬ್ಬೇರಿಸುವ ಸಂಖ್ಯೆ ಅದು. ಮೂತ್ರಪಿಂಡಗಳು ಅರ್ಧಕ್ಕಿಂತ ಹೆಚ್ಚು ಕೆಲಸ ನಿಲ್ಲಿಸಿದ್ದವು. ಹೆಸರು ಸತ್ತವಳದ್ದು, ರಕ್ತ ಮಾತ್ರ ಬದುಕಿರುವ ಯಾರದೋ. ಆ ವ್ಯಕ್ತಿಗೆ ಇದು ಗೊತ್ತಿಲ್ಲ. ಬೇಗ ಹುಡುಕದಿದ್ದರೆ ಒಂದು ದಿನ ಡಯಾಲಿಸಿಸ್ ಮಂಚದ ಮೇಲೆ ಗೊತ್ತಾಗುತ್ತದೆ.

ಸಮೀಕ್ಷೆಯ ಬಗ್ಗೆ ಸ್ವಲ್ಪ ಹೇಳಬೇಕು. ಕಾಯಿಲೆ ಇಲ್ಲವೆಂದುಕೊಂಡು ಓಡಾಡುವ ಜನರಲ್ಲಿ ಎಷ್ಟು ಮಂದಿಗೆ ಯೂರಿಕ್ ಆಮ್ಲ ಹೆಚ್ಚಿದೆ ಎಂದು ತಿಳಿಯಲು, ಕಾಲೇಜಿನ ಸಹಪಾಠಿಗಳು ಮೂವರು ಸೇರಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ 312 ಜನರ ರಕ್ತ ತೆಗೆದಿದ್ದೆವು. 71 ಮಂದಿಯದ್ದು ಮಿತಿಗಿಂತ ಮೇಲೆ ಬಂತು. ನನ್ನದೂ ಸೇರಿ. ರಕ್ತ ತೆಗೆದವಳು ಬಂಟ್ವಾಳದ ಜುಲೈಕಾ, ಒಂಬತ್ತು ವರ್ಷಗಳಿಂದ ನನ್ನ ಲ್ಯಾಬಿನಲ್ಲಿದ್ದಾಳೆ. ಮೀನಿನ ಮುಳ್ಳು ಮುಟ್ಟದ ನಿಮ್ಮದು ಏಳು ಪಾಯಿಂಟ್ ಮೂರು, ದಿನಾ ಬಂಗುಡೆ ತಿನ್ನುವ ನನ್ನದು ನಾಲ್ಕು, ನಿಮ್ಮ ಪುಸ್ತಕ ಬದಲಿಸಿ ಸರ್ ಎಂದು ಅವಳು ವಾರವಿಡೀ ತಮಾಷೆ ಮಾಡಿದ್ದಳು.

ಈ ಆಮ್ಲದ ಗುಣ ವಿಚಿತ್ರ. ಮೂವತ್ತೇಳು ಡಿಗ್ರಿಯಲ್ಲಿ ರಕ್ತ ಸುಮಾರು 6.8ರಷ್ಟನ್ನು ಕರಗಿಸಿಕೊಳ್ಳಬಲ್ಲದು. ಅದಕ್ಕಿಂತ ಹೆಚ್ಚಾದರೂ ಏನೂ ಆಗದೆ ವರ್ಷಗಟ್ಟಲೆ ಇರಬಹುದು, ಹರಳುಗಟ್ಟದೆ ನಿಂತ ಬೆಲ್ಲದ ಪಾಕದಂತೆ. ಒಂದು ದಿನ, ಮೈಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗದಲ್ಲಿ, ಸಾಮಾನ್ಯವಾಗಿ ಕಾಲಿನ ಹೆಬ್ಬೆರಳ ಬುಡದಲ್ಲಿ, ಸೂಜಿಯಂಥ ಹರಳು ಏಳುತ್ತದೆ. ಹೆಚ್ಚಿನ ಪ್ರಾಣಿಗಳಿಗೆ ಈ ತೊಂದರೆ ಇಲ್ಲ, ಆಮ್ಲವನ್ನು ಒಡೆಯುವ ಕಿಣ್ವ ಅವುಗಳಲ್ಲಿದೆ. ನಮ್ಮಲ್ಲಿ ಆ ಕಿಣ್ವದ ಜೀನ್ ಒಂದೂವರೆ ಕೋಟಿ ವರ್ಷಗಳ ಹಿಂದೆಯೇ ಸತ್ತಿದೆ. ಸತ್ತರೂ ಜಾಗ ಬಿಟ್ಟಿಲ್ಲ. ಹುಟ್ಟುವ ಪ್ರತಿ ಮಗುವಿಗೂ, ಬದುಕಿರುವ ಜೀನುಗಳ ಸಾಲಿನಲ್ಲಿ, ಅದರದ್ದೂ ಒಂದು ಪ್ರತಿ ಸಿಗುತ್ತದೆ.

ಜುಲೈಕಾಳನ್ನು ಕರೆದು 117ರ ಬಗ್ಗೆ ಕೇಳಿದೆ. ಅವಳಿಗೆ ಚೆನ್ನಾಗಿ ನೆನಪಿತ್ತು. ಜುಲೈ 28, ಬೆಳಿಗ್ಗೆ ಏಳೂವರೆ. ಆ ಮನೆಯಲ್ಲಿ ಏನೋ ಕಾರ್ಯಕ್ರಮದ ತಯಾರಿ ನಡೆಯುತ್ತಿತ್ತು. ಮೂವರದ್ದು ತೆಗೆದಾದ ಮೇಲೆ ಹುಡುಗಿ ಬಂದಳು. ಅಷ್ಟು ಬೆಳಿಗ್ಗೆಯೇ ರೇಷ್ಮೆ ಸೀರೆ, ಕೈತುಂಬ ಬಳೆ. ಗೋಡೆ ಹಿಡಿದುಕೊಂಡು ನಡೆದು ಬಂದಳು. ಕೈ ತಣ್ಣಗಿತ್ತು, ನರ ಸಿಗಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಹೆಸರನ್ನು ನಾವು ಓದಿ ಹೇಳಬಾರದು, ಅವರ ಬಾಯಿಯಿಂದಲೇ ಹೇಳಿಸಬೇಕು, ಇದು ನಾನೇ ಮಾಡಿದ ನಿಯಮ. ಅದನ್ನು ಪಾಲಿಸಿದ್ದೀಯಾ ಎಂದೆ.

"ಕೇಳಿಯೇ ತೆಗೆದದ್ದು ಸರ್. ನಿನ್ನ ಹೆಸರೇನು ಅಂತ ಕೇಳಿದೆ. ಅಕ್ಷಿತಾ ಅಂದಳು. ಪ್ರಾಯ ಕೇಳಿದೆ. ಇಪ್ಪತ್ತನಾಲ್ಕು ಅಂದಳು." ಜುಲೈಕಾ ಕೇಳಿದಳು. "ಯಾಕೆ ಸರ್?"

ಹೇಳಿದೆ. ಅವಳು ಬಲಗೈಯ ಬೆರಳುಗಳನ್ನು ನೋಡಿಕೊಂಡಳು, ನರ ಹುಡುಕಿದ ಬೆರಳುಗಳನ್ನು. ಆ ದಿನ ಮತ್ತೆ ತಮಾಷೆ ಮಾಡಲಿಲ್ಲ.

ಭಾನುವಾರ ಮದುವೆಗೆ ಹೋದೆ. ಬೆಳ್ತಂಗಡಿ ದಾಟಿ ಹತ್ತು ಕಿಲೋಮೀಟರು. ಹೊಸ ಟೆರೇಸು ಮನೆ, ಅಂಗಳಕ್ಕೆ ತಗಡಿನ ಮಾಡು, ಒಂದು ಬದಿಯ ಹಗ್ಗದಲ್ಲಿ ರಬ್ಬರ್ ಶೀಟುಗಳು. ಮದುವೆ ಎಂದರೆ ಎಲ್ಲವೂ ಇತ್ತು. ಕುರ್ಚಿ, ಶರಬತ್ತು, ಎರಡು ಕಡೆಯ ಹಿರಿಯರು, ವೀಳ್ಯದ ಹರಿವಾಣ. ವಾಲಗ ಮಾತ್ರ ಇರಲಿಲ್ಲ. ಒಂದು ಕುರ್ಚಿಯಲ್ಲಿ ಬಿಳಿ ಪಂಚೆ ಮತ್ತು ಶಾಲು, ಅದರ ಮೇಲೆ ಬೆಳ್ಳಿಯ ಪುಟ್ಟ ಗಂಡುಗೊಂಬೆ. ಅದು ಶಿರ್ತಾಡಿಯ ಹುಡುಗ ರೋಹಿತ್. ಹುಟ್ಟಿ ಎರಡೇ ದಿನ ಬದುಕಿದ್ದವನಿಗೆ ಈಗ ಇಪ್ಪತ್ತೆಂಟು. ಪಕ್ಕದ ಕುರ್ಚಿಯಲ್ಲಿ, ಬೆಳ್ಳಿಯ ಹೆಣ್ಣುಗೊಂಬೆಯನ್ನು ಮಡಿಲಲ್ಲಿ ಇಟ್ಟುಕೊಂಡು, ರೇಷ್ಮೆ ಸೀರೆ ಉಟ್ಟ ಹುಡುಗಿಯೊಬ್ಬಳು ಕುಳಿತಿದ್ದಳು. ಎಡಗಾಲಿಗೆ ಚಪ್ಪಲಿ ಇತ್ತು. ಬಲಗಾಲು ಬರಿದಾಗಿತ್ತು, ಹೆಬ್ಬೆರಳ ಬುಡ ಹಣ್ಣಾದ ಚೆರ್ರಿ ಟೊಮೆಟೊದಂತೆ ಕೆಂಪಗೆ ಬಾತಿತ್ತು.

ನಾನು ಹುಡುಕುತ್ತಿದ್ದ ರಕ್ತ ಯಾರದ್ದೆಂದು ಆ ಕ್ಷಣವೇ ಗೊತ್ತಾಯಿತು.

ಕಾಂತಿಯವರ ಮಗ ಶೋಧನ್ ನನ್ನ ಪಕ್ಕ ಕುಳಿತಿದ್ದ. ಅವಳ ಹೆಸರೇನು ಎಂದು ಮೆಲ್ಲನೆ ಕೇಳಿದೆ.

"ಸಾತ್ವಿಕಾ. ಚಿಕ್ಕಮ್ಮನ ಮಗಳು" ಎಂದ, ನನಗಿಂತ ಮೆಲ್ಲನೆ. "ಈಗ ಹಾಗೆ ಕರೀಬೇಡಿ. ನಿಶ್ಚಯದ ದಿನ ಅಕ್ಕನ ಪರವಾಗಿ ಸೀರೆ ಉಟ್ಟಲ್ಲಿಂದ ಇವತ್ತು ಮದುಮಗಳನ್ನು ಕಳಿಸಿಕೊಡುವವರೆಗೆ ಅವಳನ್ನು ಅವಳ ಸ್ವಂತ ಹೆಸರಲ್ಲಿ ಕರೆಯುವ ಕ್ರಮ ನಮ್ಮಲ್ಲಿ ಇಲ್ಲ. ಅಕ್ಕನಿಗೆ ಸಿಟ್ಟು ಬರ್ತದೆ. ನೀವು ರಕ್ತ ತೆಗ್ದದ್ದು ನಿಶ್ಚಯದ ದಿನವೇ ಅಲ್ವಾ?"

ಉಳಿದದ್ದನ್ನೂ ಅವನೇ ಹೇಳಿದ. ಅಕ್ಷಿತಾ ಮತ್ತು ಸಾತ್ವಿಕಾ ಎಂಟು ದಿನದ ಅಂತರದಲ್ಲಿ ಹುಟ್ಟಿದವರು. ಅಕ್ಷಿತಾ ಮೂರು ವರ್ಷಕ್ಕೆ ಜ್ವರದಲ್ಲಿ ಹೋದಳು. ಸಾತ್ವಿಕಾಳ ತಾಯಿ, ಅಂದರೆ ಕಾಂತಿಯವರ ತಂಗಿ, ಮೂವತ್ತಾರಕ್ಕೆ ಕಾಲು ಬಾತು ತೀರಿಕೊಂಡರು. ತಂದೆ ಪುಣೆಯಲ್ಲಿ ಹೋಟೆಲಿಟ್ಟಿದ್ದಾರೆ. ಅಂದಿನಿಂದ ಅವಳು ಈ ಮನೆಯಲ್ಲೇ ಇದ್ದಾಳೆ, ಆದರೆ ರೇಷನ್ ಕಾರ್ಡಿನಲ್ಲಿ ಹೆಸರು ತಂದೆಯ ಜೊತೆ. ಸಮೀಕ್ಷೆಯವರು ಬಂದು ಮನೆಯಲ್ಲಿ ಎಷ್ಟು ಜನ ಎಂದಾಗ ಕಾಂತಿ ತನ್ನ ಸಂಸಾರದ ನಾಲ್ಕು ಹೆಸರು ಬರೆಸಿದ್ದರು. ಆಟಿ ತಿಂಗಳಲ್ಲಿ ಮನೆಯವರನ್ನು ಎಣಿಸುವಾಗ ಸತ್ತವರನ್ನು ಬಿಡಬಾರದಂತೆ. ಹೀಗೆ ಬದುಕಿರುವ ಹುಡುಗಿ ನಮ್ಮ ಪಟ್ಟಿಯಲ್ಲಿ ಇರಲಿಲ್ಲ, ಸತ್ತವಳು ಇದ್ದಳು. ಜೂನ್‌ನಲ್ಲಿ ಸಾತ್ವಿಕಾಳ ಹೆಬ್ಬೆರಳು ಮೊದಲ ಸಲ ಬಾತಾಗ ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಟ್ಟು ಕೇಳಿಸಿದರು. ತನಗೆ ಮದುವೆ ಆಗದೆ ಇವಳಿಗೆ ಹೇಗೆ ಎಂದು ಅಕ್ಷಿತಾ ಕಾಲು ಹಿಡಿದು ಎಳೆಯುತ್ತಿದ್ದಾಳೆ ಎಂದು ಬಂತು. ಯಾಕೆಂದರೆ ಸಾತ್ವಿಕಾಳಿಗೆ ಬಹರೈನಿನಲ್ಲಿ ಕೆಲಸದಲ್ಲಿರುವ ಹುಡುಗನೊಂದಿಗೆ ಸಂಬಂಧ ಗಟ್ಟಿಯಾಗಿತ್ತು.

ಊಟಕ್ಕೆ ಮೊದಲು ಗೊಂಬೆಗಳೆದುರು ಎಲೆ ಹಾಕಿದರು. ರೋಹಿತನ ಎಲೆಗೆ ಕೋಳಿ, ಒಣಮೀನಿನ ಚಟ್ನಿ, ಒಂದು ಕುಪ್ಪಿ ಸೇಂದಿ. ಅಕ್ಷಿತಾಳ ಎಲೆಗೆ ಅನ್ನ, ಹೆಸರುಕಾಳು, ಮಜ್ಜಿಗೆ. ನನ್ನ ರಿಪೋರ್ಟಿನ ಪ್ರಕಾರ. ಮುಂಡಪ್ಪ ನನ್ನ ಬಳಿ ಬಗ್ಗಿ, ಮದುಮಗಳಿಗೆ ಪಥ್ಯ ಕೊಟ್ಟದ್ದು ಸರಿ ಮಾರಾಯ್ರೆ, ಅವಳ ಅಪ್ಪನಿಗೆ ಕೊಡಬೇಡಿ ಎಂದು ನಕ್ಕರು. ಆಗ ಗಂಡಿನ ಕಡೆಯಿಂದ ರೋಹಿತನ ತಾಯಿ ಎದ್ದು ಬಂದರು.

"ನೀವೇ ಅಲ್ವಾ ರಕ್ತ ಪರೀಕ್ಷೆಯವರು? ಹುಡುಗಿಗೆ ಏನೋ ಕಾಯಿಲೆ ಉಂಟಂತೆ. ನಿಶ್ಚಯದಲ್ಲಿ ನಮಗೆ ಯಾರೂ ಹೇಳಲಿಲ್ಲ."

ಕಾಂತಿ ನನ್ನನ್ನೇ ನೋಡುತ್ತಿದ್ದರು. ರೇಷ್ಮೆ ಸೀರೆಯ ಹುಡುಗಿಯೂ ಮೊದಲ ಬಾರಿ ತಲೆ ಎತ್ತಿ ನೋಡಿದಳು. ಇದು ಅಂಟುವ ಕಾಯಿಲೆ ಅಲ್ಲ ಎಂದೆ. ಮದ್ದು ಮಾಡಿದರೆ ಹತೋಟಿಗೆ ಬರುತ್ತದೆ ಎಂದೆ. ಸತ್ತ ಹುಡುಗಿಯೊಬ್ಬಳ ಆರೋಗ್ಯದ ಬಗ್ಗೆ ನಾನು ಅಷ್ಟು ಜನರೆದುರು ಭರವಸೆ ಕೊಟ್ಟೆ. ರೋಹಿತನ ತಾಯಿ ಸರಿ ಎಂದು ಹೋಗಿ ಕುಳಿತರು. ಹೊರಡುವಾಗ ನಾನು ಶೋಧನನ ಕೈಗೆ ನನ್ನ ನಂಬರು ಬರೆದುಕೊಟ್ಟು, ಅವಳಿಗೆ ಕೊಡು, ಕಾಲಿನ ವಿಷಯ ಎಂದೆ.

ಹನ್ನೊಂದು ದಿನಗಳ ನಂತರ ಸಾತ್ವಿಕಾ ಒಬ್ಬಳೇ ಬಿ.ಸಿ.ರೋಡಿಗೆ ಬಂದಳು. ಚೂಡಿದಾರ, ಹೆಗಲಿಗೆ ಬ್ಯಾಗು, ಎರಡೂ ಕಾಲಿಗೆ ಚಪ್ಪಲಿ. ಬೆಳ್ತಂಗಡಿಯ ಸೊಸೈಟಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ನೋವು ಮದುವೆಯಾದ ಮೂರನೇ ದಿನಕ್ಕೆ ಹೋಯಿತು ಎಂದಳು. ಇಂಥ ನೋವು ವಾರ, ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ, ಮತ್ತೆ ಬರುತ್ತದೆ, ಮದುವೆಗೂ ಅದಕ್ಕೂ ಸಂಬಂಧ ಇಲ್ಲ ಎಂದು ವಿವರಿಸಿದೆ. ಕ್ರಿಯಾಟಿನಿನ್ ಎಷ್ಟಿದೆ, ಅದರ ಅರ್ಥವೇನು ಎಂದೂ ಹೇಳಿದೆ. ತಾಯಿಯ ಬಾತ ಕಾಲುಗಳ ವಿಷಯ ಎತ್ತಿದೆ. ಎಲ್ಲವನ್ನೂ ಶಾಂತವಾಗಿ ಕೇಳಿದಳು. ಬುದ್ಧಿವಂತೆ. ಒಂದೇ ಸಲಕ್ಕೆ ಅರ್ಥವಾಯಿತು.

ಮಂಗಳೂರಿನ ಮೂತ್ರಪಿಂಡದ ವೈದ್ಯರಿಗೆ ಚೀಟಿ ಬರೆಯಲು ಕುಳಿತೆ. ಹೆಸರು ಬರೆಯುವಷ್ಟರಲ್ಲಿ ಅವಳು ಕೈ ಅಡ್ಡ ಇಟ್ಟಳು.

"ನನ್ನ ಹೆಸರಲ್ಲಿ ಬೇಡ ಸರ್. ನೋಡಿದ್ರಲ್ಲ ಅವತ್ತು. ಸತ್ತ ಹುಡುಗಿಗೆ ಕಾಯಿಲೆ ಉಂಟು ಅಂದದ್ದಕ್ಕೇ ಎದ್ದು ಬಂದರು. ನನ್ನದು ಗೊತ್ತಾದ್ರೆ ಬಹರೈನಿನವರು ಬರ್ತಾರಾ? ಅವಳ ಹೆಸರಲ್ಲೇ ಇರಲಿ. ಅವಳಿಗೆ ಇನ್ನು ಏನಾಗ್ಲಿಕ್ಕೆ ಉಂಟು?"

ಹಾಗೆ ಮಾಡುವಂತಿಲ್ಲ ಎಂದೆ. ಹಾಗಾದರೆ ನಾನು ಡಾಕ್ಟರಲ್ಲಿಗೆ ಹೋಗುವುದೇ ಇಲ್ಲ ಎಂದಳು. ಬೆದರಿಕೆಯಂತೆ ಹೇಳಲಿಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ಹೇಳುವಂತೆ ಹೇಳಿದಳು. ಅವಳು ಎದ್ದು ಬ್ಯಾಗು ಹೆಗಲಿಗೇರಿಸಿದಾಗ ನಾನು ಒಂದು ಷರತ್ತು ಹಾಕಿದೆ. ಆರು ತಿಂಗಳು ಮಾತ್ರ. ಮದ್ದು ಹಿಡಿದು ಅಂಕಿ ಇಳಿದ ಮೇಲೆ ಹುಡುಗನಿಗೆ ಅವಳೇ ವಿಷಯ ತಿಳಿಸಬೇಕು, ಆಮೇಲಿನ ರಿಪೋರ್ಟು ಅವಳ ಸ್ವಂತ ಹೆಸರಿನಲ್ಲಿ. ಒಪ್ಪಿದಳು. ಚೀಟಿಯಲ್ಲಿ ಅಕ್ಷಿತಾ, 24 ಎಂದು ಬರೆದೆ.

ವೈದ್ಯರು ಮನೆತನದಲ್ಲಿ ಬರುವ ಕಾಯಿಲೆ ಇರಬೇಕೆಂದು ಅನುಮಾನಿಸಿ, ಮಾತ್ರೆ ಬರೆದರು. ಪ್ರತಿ ತಿಂಗಳು ರಕ್ತ ನನ್ನಲ್ಲಿಗೆ ಬಂತು. ಸೆಪ್ಟೆಂಬರಿನಲ್ಲಿ 9.4. ಅಕ್ಟೋಬರಿನಲ್ಲಿ 8.1. ನವೆಂಬರಿನಲ್ಲಿ 7.2. ಅಕ್ಟೋಬರಿನಿಂದ ಕಾಂತಿಯೂ ಜೊತೆಗೆ ಬರತೊಡಗಿದರು. ಅವರಿಗೆ ಎಲ್ಲವೂ ಗೊತ್ತಿತ್ತು, ಮತ್ತು ಗೊತ್ತಿದ್ದುದರಿಂದ ಅವರಿಗೆ ಯಾವ ವ್ಯತ್ಯಾಸವೂ ಆದಂತೆ ಕಾಣಲಿಲ್ಲ. ಮಗಳು ಹೋದಾಗ ಅವಳದ್ದೆಂದು ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲವಂತೆ. ಈಗ ಫೈಲು ಇತ್ತು. ಆಸ್ಪತ್ರೆಯ ಕಾರ್ಡಿತ್ತು, ತೂಕ 52, ಎತ್ತರ 158, ರಕ್ತದ ಗುಂಪು ಬಿ ಪಾಸಿಟಿವ್. ಪ್ರತಿ ರಿಪೋರ್ಟನ್ನೂ ಬೆಳ್ಳಿಗೊಂಬೆಯ ಪೆಟ್ಟಿಗೆಯಲ್ಲಿ ಇಡುತ್ತೇನೆ ಎಂದರು. ಜನವರಿಯಲ್ಲಿ ವಯಸ್ಸಿನ ಜಾಗ ತೋರಿಸಿ, ಅವಳಿಗೆ ಮೊನ್ನೆ ಇಪ್ಪತ್ತೈದಾಯಿತು, ಸರಿ ಮಾಡಿ ಎಂದರು. ಸರಿ ಮಾಡಿದೆ. ಅದು ಅಕ್ಷಿತಾಳ ಹುಟ್ಟಿದ ದಿನವೋ, ಎಂಟು ದಿನ ಕಳೆದು ಬರುವ ಸಾತ್ವಿಕಾಳದ್ದೋ ಎಂದು ನಾನು ಕೇಳಲಿಲ್ಲ.

ಸಾತ್ವಿಕಾ ಮಾತು ಕಡಿಮೆ ಮಾಡುತ್ತಾ ಬಂದಿದ್ದಳು. ಬಹರೈನಿನ ಹುಡುಗನಿಗೆ ರಜೆ ಸಿಗದೆ ಮದುವೆ ಮೇ ತಿಂಗಳಿಗೆ ಹೋಗಿತ್ತು. ಅವನಿಗೆ ಹೇಳಿದೆಯಾ ಎಂದು ಜನವರಿಯಲ್ಲಿ ಕೇಳಿದಾಗ, ಏನನ್ನು ಎಂಬಂತೆ ನನ್ನ ಮುಖ ನೋಡಿದಳು. ಆಮೇಲೆ, ಅವಳು ಹೇಳ್ತಾಳೆ ಎಂದಳು. ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

2025 ಫೆಬ್ರವರಿ 22, ಶನಿವಾರ, ಷರತ್ತಿನ ದಿನ. ಹಿಂದಿನ ದಿನವೇ ಫೋನು ಮಾಡಿ ನೆನಪಿಸಿದ್ದೆ. ಆಯ್ತು ಸರ್, ನನ್ನ ಹೆಸರಲ್ಲೇ ಬರೆಯಿರಿ, ಬಹರೈನಿನವರಿಗೂ ಹೇಳ್ತೇನೆ ಎಂದಿದ್ದಳು, ಸ್ಪಷ್ಟವಾಗಿ. ಬೆಳಿಗ್ಗೆ ಎಂಟು ಗಂಟೆಗೆ ದೊಡ್ಡಮ್ಮನ ಜೊತೆ ಬಂದು ಬೆಂಚಿನಲ್ಲಿ ಕುಳಿತಳು. ಅವರನ್ನು ಬಿಟ್ಟು ಇಬ್ಬರು ಗಂಡಸರಿದ್ದರು. ಕೊಳವೆಯ ಮೇಲೆ ಹೊಸ ಚೀಟಿ ಅಂಟಿಸಿ, ಜುಲೈಕಾ ಬಾಗಿಲಿಗೆ ಬಂದಳು.

"ಸಾತ್ವಿಕಾ" ಎಂದು ಕರೆದಳು.

ಯಾರೂ ಏಳಲಿಲ್ಲ. ಹುಡುಗಿ ರಸ್ತೆಯಾಚೆಯ ಬಸ್ಸುಗಳನ್ನು ನೋಡುತ್ತಿದ್ದಳು. ಕಾಂತಿ ಮಡಿಲಲ್ಲಿ ಫೈಲು ಹಿಡಿದು ಹಾಗೆಯೇ ಕುಳಿತಿದ್ದರು. ಜುಲೈಕಾ ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಕರೆದಳು. ಗಂಡಸರಲ್ಲಿ ಒಬ್ಬ ಆಚೀಚೆ ತಿರುಗಿ, ಸಾತ್ವಿಕಾ ಯಾರೆಂದು ಹುಡುಕಿದ. ಹುಡುಗಿಯೂ ಅವನೊಂದಿಗೆ ತಿರುಗಿ ನೋಡಿದಳು. ನಿಜವಾಗಿಯೂ ಯಾರೋ ಒಬ್ಬಳನ್ನು ಹುಡುಕುವ ನೋಟ ಅದು. ನಾಟಕ ಅಲ್ಲ. ಇಪ್ಪತ್ತು ವರ್ಷಗಳಿಂದ ಜನರನ್ನು ಹೆಸರು ಹಿಡಿದು ಕರೆದವನು ನಾನು, ಅಷ್ಟು ನನಗೆ ತಿಳಿಯುತ್ತದೆ.

ಜುಲೈಕಾ ನನ್ನ ಕಡೆ ನೋಡಿದಳು. ಅವಳು ಇನ್ನೊಂದು ಹೆಸರನ್ನು ಕರೆಯಲಾರಳು ಎಂದು ಗೊತ್ತಾಯಿತು. ಆ ರಕ್ತ ಇವತ್ತು ಸಿಗದಿದ್ದರೆ ಮಾತ್ರೆಯ ಪ್ರಮಾಣ ನಿರ್ಧಾರವಾಗುವುದಿಲ್ಲ. ಮಾತ್ರೆ ತಪ್ಪಿದರೆ ಉಳಿದಿರುವ ಮೂತ್ರಪಿಂಡವೂ ಉಳಿಯುವುದಿಲ್ಲ. ಇದನ್ನು ಇಲ್ಲಿ ಬರೆಯುವುದು ನನ್ನ ಸಮರ್ಥನೆಗಾಗಿ.

"ಅಕ್ಷಿತಾ" ಎಂದೆ. ಕರೆದದ್ದು ನಾನು.

ಅವಳು ತಕ್ಷಣ ಎದ್ದಳು. ನೆಟ್ಟಗೆ, ಎರಡೂ ಕಾಲುಗಳ ಮೇಲೆ ಸಮನಾಗಿ ಭಾರ ಹಾಕಿ ನಡೆದು ಬಂದು, ಕುರ್ಚಿಯಲ್ಲಿ ಕುಳಿತು ಎಡಗೈ ಚಾಚಿದಳು. ನಿಯಮದಂತೆ ಜುಲೈಕಾ ಹೆಸರು ಕೇಳಿದಳು. ಹೇಳಿದಳು. ಪ್ರಾಯ ಕೇಳಿದಳು. ಅದನ್ನೂ ಹೇಳಿದಳು. ಜುಲೈಕಾ ಹೊಸ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಬರಿಯ ಕೊಳವೆಗೆ ರಕ್ತ ತುಂಬಿಸಿದಳು. ನರ ಒಂದೇ ಸಲಕ್ಕೆ ಸಿಕ್ಕಿತು. ಬಾಗಿಲ ಬಳಿ ಕಾಂತಿ ಫೈಲು ತೆರೆದು, ಕಾಗದ ಇಡಲು ಜಾಗ ಮಾಡುತ್ತಿದ್ದರು.

ಸೀರಮ್ ಬೇರ್ಪಡಿಸಿ ಎರಡು ಸಲ ಓಡಿಸಿದೆ. ಎರಡು ಸಲವೂ ಒಂದೇ ಬಂತು. ಹೆಸರಿನ ಜಾಗವನ್ನು ಖಾಲಿ ಬಿಟ್ಟು ಪುಸ್ತಕದಲ್ಲಿ ಬರೆದೆ: ಯೂರಿಕ್ ಆಮ್ಲ, ಡೆಸಿಲೀಟರಿಗೆ 5.7 ಮಿಲಿಗ್ರಾಂ.